ಮೇಷ್ಟರು ಮೊದಲು ವಿದ್ಯಾರ್ಥಿಯಾಗಲಿ

ದಾವಣಗೆರೆಯಲ್ಲಿ ಓದಿ, ಹರಿಹರದ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿರುವ ಉಪಾಧ್ಯಾಯನಿಗೆ ಪರದೇಶದಿಂದ ಕರೆ ಬಂದಿತೆನ್ನಿ. ಮನೆಯಲ್ಲಿ ಮೊದಲು ಸಂತೋಷ. ಅದರ ಬೆನ್ನಿಗೇ ದಿಗಿಲು. “ಇಂಗ್ಲಿಷ್ ಕಲಿಸಲು ಇಂಗ್ಲೆಂಡಿನವರಿಲ್ಲವೆ? ನಮ್ಮ ಹುಡುಗನೇ ಏಕೆ ಬೇಕು?” ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ಸರಳವಾದರೂ ಅದಕ್ಕೆ ಉತ್ತರ ಕಂಡುಕೊಳ್ಳದೆ ಹಡಗನ್ನಾಗಲಿ ವಿಮಾನವನ್ನಾಗಲಿ ಹತ್ತುವುದು ವಿವೇಕವಲ್ಲ.

ಇಥಿಯೋಪಿಯದ ನಿದರ್ಶನವನ್ನೇ ನೋಡೋಣ. 1941ರಲ್ಲಿ ಇಟಲಿಯವರ ಆಳ್ವಿಕೆ ಕೊನೆಗೊಂಡ ಬಳಿಕ ಚಕ್ರವರ್ತಿ ಹೈಲೆ ಸೆಲಾಸಿ ಶಾಲೆಗಳನ್ನು ಪುನಃ ಕಟ್ಟಲು ತೊಡಗಿದಾಗ, ಭಾರತದ ಉಪಾಧ್ಯಾಯರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋದರು. 1974ರ ಕ್ರಾಂತಿಯ ತನಕ ಆ ದೇಶದ ಹಳ್ಳಿಪಟ್ಟಣಗಳಲ್ಲಿ ಭಾರತೀಯ ಮೇಷ್ಟರು ಚಿರಪರಿಚಿತರು. ಈಚಿನ ದಶಕಗಳಲ್ಲಿ ಅಲ್ಲಿ ಹೊಸ ವಿಶ್ವವಿದ್ಯಾಲಯಗಳು ತೆರೆದಾಗ ನಮ್ಮ ಅಧ್ಯಾಪಕರು ಮತ್ತೆ ಹೋದರು.

ಅಲ್ಲಿ ಕಾಲಿಟ್ಟವನನ್ನು ಮೊದಲು ಪರೀಕ್ಷಿಸುವುದು ಗಡಿಯಾರ. ಆ ಜನ ಹೊತ್ತನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ನಮ್ಮ ಎಂಟು ಅವರಿಗೆ ಎರಡು. ಶಾಲೆ ಎರಡಕ್ಕೆ ಎಂದರೆ ಊಟ ಮುಗಿಸಿ ಹೋಗಬಹುದೆಂದು ಮಲಗಿದವನ ಮೊದಲ ದಿನದ ಮರ್ಯಾದೆ ಉಳಿಯಲಾರದು! ಪಂಚಾಂಗ ನೋಡಿ ಗಳಿಗೆ ಎಣಿಸುವವರ ಮನೆಯಲ್ಲಿ ಬೆಳೆದವನಿಗೆ ಇದು ತೀರ ಹೊಸದೂ ಅಲ್ಲ. ವರ್ಷಕ್ಕೆ ಹದಿಮೂರು ತಿಂಗಳು: ಮೂವತ್ತು ದಿನಗಳ ಹನ್ನೆರಡು, ಐದು ಅಥವಾ ಆರು ದಿನಗಳ ಪುಟ್ಟದೊಂದು. ಹೊಸ ವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್ 11ಕ್ಕೆ. ಅವರ ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ರಾಜಧಾನಿ ಅದಿಸ್ ಅಬಾಬ ಸಮುದ್ರಮಟ್ಟದಿಂದ 2,300 ಮೀಟರುಗಳಿಗೂ ಎತ್ತರ. ದಾವಣಗೆರೆಯ ಬಿಸಿಲಿಗೆ ಒಗ್ಗಿದ ದೇಹಕ್ಕೆ ಮೊದಲ ವಾರಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಚಳಿ. ಉಣ್ಣೆಯ ಅಂಗಿಯೊಂದು ಪೆಟ್ಟಿಗೆಯಲ್ಲಿರಲಿ.

ಸಸ್ಯಾಹಾರಿಗಳು ಅನ್ನದ ಚಿಂತೆ ಮಾಡಬೇಕಾಗಿಲ್ಲ. ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿಬರಿಸಿ, ಅಗಲವಾದ ಮಣ್ಣಿನ ಹೆಂಚಿನ ಮೇಲೆ ಒಂದೇ ಮಗ್ಗುಲು ಬೇಯಿಸಿದ ಇಂಜೆರ, ನಮ್ಮ ದೋಸೆಯ ದೂರದ ನೆಂಟ. ಬೆಣ್ಣೆದೋಸೆಯ ಊರಿನವನಿಗೆ ಆ ಹುಳಿ ಒಗ್ಗಲು ಕೆಲವು ದಿನ ಬೇಕು. ಅಲ್ಲಿಯ ಸಾಂಪ್ರದಾಯಿಕ ಕ್ರೈಸ್ತರು ಬುಧವಾರ, ಶುಕ್ರವಾರ ವ್ರತ ಹಿಡಿದು ಮಾಂಸವನ್ನೂ ಹಾಲುತುಪ್ಪಗಳನ್ನೂ ಬಿಡುತ್ತಾರೆ. ಆ ದಿನಗಳ ಬೇಳೆ, ಕಡಲೆಹಿಟ್ಟು, ಸೊಪ್ಪುಗಳ ಅಡಿಗೆ ನಮ್ಮವರಿಗೆ ಹಬ್ಬ. ಕಾಫಿಗೆ ಕರೆದರೆ ಒಂದೇ ಬಟ್ಟಲು ಕುಡಿದು ಏಳಬಾರದು. ಎದುರಿಗೇ ಬೀಜ ಹುರಿದು, ಕುಟ್ಟಿ, ಮೂರು ಸಲ ಬಗ್ಗಿಸಿ ಕೊಡುವುದು ಅಲ್ಲಿಯ ಸಂಪ್ರದಾಯ. ನೆರೆಹೊರೆಯ ಸ್ನೇಹ ಬೆಳೆಯುವುದು ಆ ಮೂರನೆಯ ಬಟ್ಟಲಿನ ಹೊತ್ತಿಗೆ.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರವಿರುವುದು ತರಗತಿಯೊಳಗೆ. ಅಲ್ಲಿಯ ಅಮ್ಹಾರಿಕ್ ಭಾಷೆಯ ಲಿಪಿಯಲ್ಲಿ ಒಂದೊಂದು ವ್ಯಂಜನಕ್ಕೂ ಏಳು ಸ್ವರರೂಪಗಳು. ಕಾಗುಣಿತ ತಿದ್ದಿದ ಕೈಗೆ ಅದರ ಮರ್ಮ ಒಂದೇ ದಿನದಲ್ಲಿ ತಿಳಿದೀತು. ಹಿರಿಯರನ್ನು ಮಾತನಾಡಿಸಲು ನಮ್ಮ ‘ತಾವು’ ಇರುವಂತೆ ಅಲ್ಲಿಯೂ ಗೌರವದ ಸರ್ವನಾಮವುಂಟು. ಎಲ್ಲಕ್ಕಿಂತ ಮುಖ್ಯವಾದ ಮಾತು: ಅಮ್ಹಾರಿಕ್, ಓರೊಮೊ, ತಿಗ್ರಿನ್ಯ ಮೂರರಲ್ಲಿಯೂ ಕ್ರಿಯಾಪದ ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ‘ನಾನು ಪುಸ್ತಕವನ್ನು ಓದಿದೆ’ ಎನ್ನುವ ಕ್ರಮದಲ್ಲಿಯೇ ಮಗು ಇಂಗ್ಲಿಷ್ ಪದಗಳನ್ನು ಜೋಡಿಸಿದರೆ, ಆಂಗ್ಲನಿಗೆ ಅದು ಕೇವಲ ತಪ್ಪು; ಹರಿಹರದ ಮೇಷ್ಟರಿಗೆ ಅದು ತಾನೇ ನಡೆದುಬಂದ ದಾರಿ. ಎಡವಿದ ಕಲ್ಲು ಯಾವುದೆಂದು ಬಲ್ಲವನು ಕೈಹಿಡಿದು ನಡೆಸಬಲ್ಲ. ನಮ್ಮ ಹುಡುಗನ ಯೋಗ್ಯತೆ ಇರುವುದು ಇಲ್ಲಿ. ಕನ್ನಡವನ್ನು ಮರೆತು ದೊರೆಯಂತೆ ಉಚ್ಚರಿಸಹೊರಟರೆ ಅವನು ಆ ಬಂಡವಾಳವನ್ನೇ ಕಳೆದುಕೊಳ್ಳುವನು.

ಮಕ್ಕಳ ಹೆಸರನ್ನು ಕರೆಯುವ ಬಗೆಯನ್ನೂ ಕಲಿಯಬೇಕು. ಅಲ್ಲಿ ಮನೆತನದ ಹೆಸರಿಲ್ಲ. ಸ್ವಂತ ಹೆಸರು ಮೊದಲು, ತಂದೆಯ ಹೆಸರು ಅನಂತರ. ಕೊನೆಯ ಹೆಸರು ಹಿಡಿದು ಕೂಗಿದರೆ ಹುಡುಗನ ಅಪ್ಪನನ್ನು ಕರೆದಂತಾಯಿತು. ನಮ್ಮಲ್ಲಿ ಊರು, ತಂದೆಯ ಹೆಸರುಗಳು ಮೊದಲಕ್ಷರಗಳಾಗಿ ಮುಂದೆ ನಿಲ್ಲುವುದರಿಂದ ಪಾಸ್‌ಪೋರ್ಟಿನಲ್ಲಿಯೂ ಪ್ರಮಾಣಪತ್ರಗಳಲ್ಲಿಯೂ ಹೆಸರು ಒಂದೇ ರೀತಿ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳುವುದು ಲೇಸು.

ಸಂಬಳದ ವಿಷಯದಲ್ಲಿ ದಾಕ್ಷಿಣ್ಯ ಕೂಡದು. ಕರಾರುಪತ್ರದಲ್ಲಿ ಸಂಬಳ ಡಾಲರಿನಲ್ಲಿಯೋ, ಅಲ್ಲಿಯ ಬಿರ್ರ್ ನಾಣ್ಯದಲ್ಲಿಯೋ? ಎಷ್ಟು ಭಾಗವನ್ನು ಊರಿಗೆ ಕಳುಹಿಸಬಹುದು? ವಸತಿ, ಹಿಂದಿರುಗುವ ಪ್ರಯಾಣದ ವೆಚ್ಚ ಯಾರದು? 2024ರ ಜುಲೈ ಕೊನೆಯಲ್ಲಿ ಆ ಸರ್ಕಾರ ನಾಣ್ಯದ ಬೆಲೆಯನ್ನು ಪೇಟೆಗೆ ಬಿಟ್ಟಾಗ, ಡಾಲರಿಗೆ 57ರಷ್ಟಿದ್ದ ಬಿರ್ರ್ ಕೆಲವೇ ವಾರಗಳಲ್ಲಿ 100ನ್ನು ದಾಟಿತು. ಬಿರ್ರ್ ಸಂಬಳ ನಂಬಿ ಊರಿನಲ್ಲಿ ಸಾಲ ಮಾಡಿದವನ ಗತಿಯನ್ನು ಊಹಿಸಿರಿ. ಉತ್ತರದ ತಿಗ್ರಾಯ್ ಪ್ರಾಂತದಲ್ಲಿ 2020ರಿಂದ 2022ರವರೆಗೆ ಘೋರ ಯುದ್ಧ ನಡೆಯಿತು. ಆದುದರಿಂದ ಕೆಲಸದ ಊರು ಯಾವ ಪ್ರಾಂತದಲ್ಲಿದೆ ಎಂಬುದನ್ನೂ ವಿಚಾರಿಸಬೇಕು. ಮೂಲ ಪ್ರಮಾಣಪತ್ರಗಳನ್ನು ಯಾವ ಮಧ್ಯವರ್ತಿಯ ಕೈಯಲ್ಲಿಯೂ ಬಿಡಬಾರದು.

ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅಲ್ಲಿ ಒಂದೇ ವಿಗ್ರಹದಲ್ಲಿ ಹರಿಯೂ ಹರನೂ ಇದ್ದಾರೆ. ಒಬ್ಬನಿಗಾಗಿ ಇನ್ನೊಬ್ಬ ಅಳಿಯಲಿಲ್ಲ. ತುಂಗಭದ್ರೆಯ ತೀರದಿಂದ ಹೊರಡುವ ಉಪಾಧ್ಯಾಯನಿಗೆ ಇದಕ್ಕಿಂತ ಬೇರೆ ಉಪದೇಶ ಬೇಡ. ಊರಿನಲ್ಲಿ ಕಾದಿರುವ ತಾಯಿಗೆ ಮಾತ್ರ ಒಂದು ಲೆಕ್ಕ ಹೇಳಿಕೊಟ್ಟು ಹೋಗಲಿ: ದಾವಣಗೆರೆಯಲ್ಲಿ ರಾತ್ರಿ ಎಂಟೂವರೆಯಾದಾಗ ಅಲ್ಲಿ ಸಂಜೆ ಆರು, ಅಲ್ಲಿಯವರ ಬಾಯಲ್ಲಿ ಹನ್ನೆರಡು. ಮಗ ಹನ್ನೆರಡಕ್ಕೆ ಫೋನು ಮಾಡುವೆನೆಂದರೆ ಆಕೆ ಮಧ್ಯರಾತ್ರಿಯ ತನಕ ನಿದ್ದೆಗೆಟ್ಟು ಕೂರದಿರಲಿ.