ಹೆಸರೊಂದೇ ಸಾಲದು

ಬ್ರಾಹ್ಮಿಯನ್ನು ತಂದುಕೊಡಿರೆಂದು ನಮ್ಮ ನಾಡಿನಲ್ಲಿ ಇಬ್ಬರನ್ನು ಕೇಳಿದರೆ, ಒಬ್ಬರು ದುಂಡೆಲೆಯ ಒಂದೆಲಗವನ್ನೂ ಇನ್ನೊಬ್ಬರು ಸಣ್ಣ ದಪ್ಪ ಎಲೆಗಳ ನೀರುಬ್ರಾಹ್ಮಿಯನ್ನೂ ತಂದುಕೊಟ್ಟಾರು. ಸಸ್ಯಶಾಸ್ತ್ರದ ದೃಷ್ಟಿಯಿಂದ ಇವು ಬೇರೆ ಬೇರೆ ಕುಟುಂಬಗಳಿಗೆ ಸೇರಿದುವು. ಎರಡೂ ವಿಷಗಿಡಗಳಲ್ಲವಾದುದರಿಂದ ಈ ಗೊಂದಲವನ್ನು ನಾವು ನಕ್ಕು ಮರೆಯಬಹುದು. ಆದರೆ ಎಲ್ಲ ಗೊಂದಲಗಳೂ ಇಷ್ಟು ಸೌಮ್ಯವಾಗಿರುವುದಿಲ್ಲ.

1990ರ ದಶಕದ ಆರಂಭದಲ್ಲಿ, ಬೆಲ್ಜಿಯಂ ದೇಶದಲ್ಲಿ ಮೈ ತೆಳ್ಳಗಾಗಲೆಂದು ಚೀನೀ ಮೂಲಿಕೆಗಳ ಗುಳಿಗೆಗಳನ್ನು ಸೇವಿಸಿದ ಸುಮಾರು 100 ಮಂದಿಯ ಮೂತ್ರಪಿಂಡಗಳು ಕೆಟ್ಟುಹೋದುವು. ಅವರು ಬಹುಮಟ್ಟಿಗೆ ಸ್ತ್ರೀಯರೇ. ಸ್ಟೆಫಾನಿಯ ಎಂಬ ಬಳ್ಳಿಯ ಬೇರಿಗೆ ಬದಲಾಗಿ ಅರಿಸ್ಟೊಲೋಕಿಯದ ಬೇರು ಸೇರಿಹೋದುದೇ ಅದಕ್ಕೆ ಕಾರಣ. ಚೀನೀ ಭಾಷೆಯಲ್ಲಿ ಎರಡಕ್ಕೂ ‘ಫಾಂಗ್ ಜಿ’ ಎಂಬ ಹೆಸರು ಸಲ್ಲುತ್ತಿತ್ತು. ನಮ್ಮ ಈಶ್ವರಿ ಬಳ್ಳಿಯೂ ಅರಿಸ್ಟೊಲೋಕಿಯ ಜಾತಿಯದೇ. ಮೂತ್ರಪಿಂಡಗಳಿಗೆ ಮಾರಕವಾದ ಆ ಆಮ್ಲವು ಅದರಲ್ಲಿಯೂ ಉಂಟು.

ಹೆಸರಿನಂತೆ ರೂಪವೂ ಮೋಸಮಾಡಬಲ್ಲುದು. ಗೌರಿಹೂವಿನ ಬಳ್ಳಿಯನ್ನು ಹೂಬಿಟ್ಟಾಗ ಗುರುತಿಸುವುದು ಸುಲಭ: ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ, ಕೆಂಪು ಹಳದಿ ದಳಗಳು ಬೆಂಕಿಯ ನಾಲಗೆಗಳಂತೆ ಮೇಲಕ್ಕೆ ಚಾಚಿರುತ್ತವೆ. ಮಳೆಗಾಲ ಕಳೆದು ಬಳ್ಳಿ ಒಣಗಿದ ಬಳಿಕ ಉಳಿಯುವುದು ನೆಲದೊಳಗಿನ ಗಡ್ಡೆ ಮಾತ್ರ. ಅದನ್ನು ಗೆಣಸೆಂದು ಭ್ರಮಿಸಿ ಬೇಯಿಸಿ ತಿಂದು ಸತ್ತವರಿದ್ದಾರೆ. ಅದರಲ್ಲಿರುವ ಕಾಲ್ಚಿಸೀನ್ ಎಂಬ ವಿಷವು ಜೀವಕೋಶಗಳ ವಿಭಜನೆಯನ್ನು ತಡೆಯುತ್ತದೆ. ಬೇಯಿಸಿದರೆ ಅದು ನಾಶವಾಗದು. ವಾಂತಿಭೇದಿಗಳು ತೊಡಗುವುದು ಕೆಲವು ಗಂಟೆಗಳ ತರುವಾಯ. ಅಷ್ಟರಲ್ಲಿ ವಿಷವು ರಕ್ತಗತವಾಗಿರುತ್ತದೆ. ಆದುದರಿಂದ ‘ಸ್ವಲ್ಪ ರುಚಿ ನೋಡೋಣ’ ಎಂಬುದು ಪರೀಕ್ಷೆಯಲ್ಲ, ಅವಿವೇಕ.

ಮನೆಮದ್ದನ್ನು ನಾವು ಹಳಿಯುತ್ತಿಲ್ಲ. ಮದ್ದನ್ನು ಬಲ್ಲ ಹಿರಿಯರು ಗಿಡವನ್ನು ಮೊಳಕೆಯಲ್ಲಿ, ಹೂವಿನಲ್ಲಿ, ಕಾಯಿಯಲ್ಲಿ, ಒಣಗಿದ ಸ್ಥಿತಿಯಲ್ಲಿಯೂ ಕಂಡವರು. ಆ ನೋಟ ನಮಗೆ ತಪ್ಪಿಹೋಗಿ ಹೆಸರು ಮಾತ್ರ ಉಳಿದಿದೆ. ಎಲೆಯ ಚಿತ್ರವನ್ನು ತೆಗೆದೊಡನೆ ಗಿಡದ ಹೆಸರನ್ನು ಹೇಳುವ ಸೌಕರ್ಯವು ಇಂದು ಮೊಬೈಲ್ ಫೋನಿನಲ್ಲಿ ದೊರೆಯುತ್ತದೆ. ಅದು ಹೇಳುವುದು ಒಂದು ಊಹೆಯನ್ನು; ಊಹೆಯನ್ನು ನಂಬಿ ಕಷಾಯ ಕಾಸಲಾಗದು.

ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಗಿಡವನ್ನಾದರೂ ವರ್ಷವಿಡೀ ಗಮನಿಸಬೇಕೆಂಬುದು ನಮ್ಮ ಅಭಿಪ್ರಾಯ. ಎಲೆಗಳ ಜೋಡಣೆ, ಹೂವಿನ ಭಾಗಗಳು, ಕಾಯಿಯ ಆಕಾರ ಇವನ್ನು ಬರೆದಿಡಲಿ. ಹೂವಿರುವ ಕೊಂಬೆಯೊಂದನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ, ಅದರ ಶಾಸ್ತ್ರೀಯ ನಾಮವನ್ನು ಕೇಳಿ ತಿಳಿಯಲಿ. ಹೀಗೆ ಒಂದು ಗಿಡವನ್ನು ಅರಿತವನು, ತಾನರಿಯದ ಇನ್ನೊಂದನ್ನು ಬಾಯಿಗಿಡಲು ತಾನಾಗಿಯೇ ಹಿಂಜರಿಯುವನು. ಆ ಹಿಂಜರಿಕೆಯೇ ಮೂಲಿಕಾಜ್ಞಾನದ ಮೊದಲ ಪಾಠ.