1930ನ್ನು ಮರೆಯದಿರೋಣ

ಸಂಬಳದ ದಿನ ಕಾರ್ಖಾನೆಯ ಬಾಗಿಲಲ್ಲಿ ಬಡ್ಡಿಯವನು ಕಾದು ನಿಲ್ಲುತ್ತಿದ್ದ ಕಾಲವನ್ನು ನಮ್ಮ ಹಿರಿಯ ಕಾರ್ಮಿಕರು ಚೆನ್ನಾಗಿ ಬಲ್ಲರು. ಅವನ ಮುಖ ಗೊತ್ತಿತ್ತು, ಮನೆ ಗೊತ್ತಿತ್ತು, ಅವನಿಂದ ತಪ್ಪಿಸಿಕೊಳ್ಳುವ ಹಿಂಬಾಗಿಲೂ ಗೊತ್ತಿತ್ತು. ಈಗ ಸಂಬಳ ಕೈಗೆ ಬರುವುದಿಲ್ಲ, ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿನ ಬೀಗದ ಕೈ ನಮ್ಮ ಜೇಬಿನ ಮೊಬೈಲಿನಲ್ಲಿದೆ. ಆ ಬೀಗದ ಕೈಗೆ ಹೊಂಚು ಹಾಕಿರುವವನು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಕಾರ್ಮಿಕನಿಗೂ, ಬಂಗಾರಪೇಟೆಯಲ್ಲಿ ತರಕಾರಿ ಮಾರುವ ತಾಯಿಗೂ, ರಾಬರ್ಟ್‌ಸನ್ ಪೇಟೆಯ ಚಿಲ್ಲರೆ ಅಂಗಡಿಯವನಿಗೂ ಅವನ ಕರೆ ಒಂದೇ ರೀತಿ ಬರುತ್ತದೆ.

ಇದು ಒಬ್ಬಿಬ್ಬರ ಗೋಳೆಂದು ತಳ್ಳಿಹಾಕುವಂತಿಲ್ಲ. ಕೇಂದ್ರ ಗೃಹ ಇಲಾಖೆ 2025ರ ಜುಲೈನಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ, ಸೈಬರ್ ವಂಚನೆಯಿಂದ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಸುಮಾರು 22,845 ಕೋಟಿ ರೂಪಾಯಿ. ಒಂದೇ ವರ್ಷದಲ್ಲಿ ಮೂರು ಪಟ್ಟು! ಇದು ದೂರು ಕೊಟ್ಟವರ ಲೆಕ್ಕ ಮಾತ್ರ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವರ ಹಣ ಯಾವ ಲೆಕ್ಕಕ್ಕೂ ಸಿಕ್ಕಿಲ್ಲ.

ಆ ನಾಚಿಕೆಯ ವಿಷಯವನ್ನೇ ನಾವು ಮೊದಲು ಎತ್ತಬಯಸುತ್ತೇವೆ. ಮೋಸಹೋದವನನ್ನು ಕಂಡು ನಗುವುದು ನಮ್ಮಲ್ಲಿ ಬೆಳೆದುಬಂದ ಕೆಟ್ಟ ರೂಢಿ. "ನೀನೇ ನಂಬರು ಹೇಳಿದೆಯಲ್ಲ, ಅನುಭವಿಸು" ಎಂದು ಬ್ಯಾಂಕಿನವರೂ ಹೇಳುತ್ತಾರೆ, ನೆರೆಯವರೂ ಹೇಳುತ್ತಾರೆ. ಈ ಮಾತಿಗೆ ಹೆದರಿ ಅವನು ಎರಡು ದಿನ ಯಾರಿಗೂ ಹೇಳದೆ ಕೊರಗುತ್ತಾನೆ. ಕಳ್ಳನಿಗೆ ಬೇಕಾದದ್ದೂ ಆ ಎರಡು ದಿನವೇ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತಾರು ಖಾತೆಗಳಿಗೆ ಗಂಟೆಗಳಲ್ಲಿ ಹರಿದುಹೋಗುತ್ತದೆ. ಮೋಸಹೋದವನ ಮೌನವೇ ಮೋಸಗಾರನ ಬಂಡವಾಳವೆಂದು ನಾವು ಒತ್ತಿ ಹೇಳುತ್ತೇವೆ.

ಆದ್ದರಿಂದ ನಮ್ಮ ವಾಚಕರು ಮೊದಲು ಕಲಿಯಬೇಕಾದದ್ದು ಒಂದು ಅಂಕಿ: 1930. ಇದು ಸೈಬರ್ ವಂಚನೆಯ ದೂರು ಕೊಡಲು ಕೇಂದ್ರ ಸರ್ಕಾರ ಇಟ್ಟಿರುವ ದೂರವಾಣಿ ಸಂಖ್ಯೆ. ನಮ್ಮ ಊರಿನವರಿಗೆ ಇದನ್ನು ನೆನಪಿಡುವುದು ಕಷ್ಟವಲ್ಲ. 1930ರಲ್ಲಿಯೇ ಅಲ್ಲವೇ ಕೋಲಾರ ಚಿನ್ನದ ಗಣಿಯ ಕಾರ್ಮಿಕರು, ಪ್ರತಿಯೊಬ್ಬನ ಬೆರಳಚ್ಚು ತೆಗೆದು ದಾಖಲೆ ಮಾಡುವ ಕಂಪೆನಿಯ ಏರ್ಪಾಟಿನ ವಿರುದ್ಧ ಕೆಲಸ ನಿಲ್ಲಿಸಿ ಹೊರಬಂದದ್ದು! ಹಣ ಹೋಯಿತೆಂದು ತಿಳಿದ ಕ್ಷಣವೇ ಈ ಸಂಖ್ಯೆಗೆ ಕರೆಮಾಡಬೇಕು. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ಅದನ್ನು ಅಲ್ಲಿಯೇ ತಡೆಹಿಡಿಯುವ ವ್ಯವಸ್ಥೆ ಇದೆ. ಬಳಿಕ ತಮ್ಮ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಸೈಬರ್ ಅಪರಾಧ ನೋಡಿಕೊಳ್ಳುವ ಸಿ.ಇ.ಎನ್. ಪೋಲೀಸು ಠಾಣೆಗೆ ಲಿಖಿತ ದೂರು ಕೊಡಬೇಕು.

ಇನ್ನು ಕಳ್ಳನ ಕಸುಬನ್ನು ನೋಡೋಣ. ಅವನು ಬೀಗ ಒಡೆಯುವುದು ಅಪರೂಪ. ನಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾನೆ. ಅದಕ್ಕೆ ಅವನು ಬಳಸುವುದು ಭಯ ಮತ್ತು ಆಸೆ. ಎರಡಕ್ಕೂ ಜೊತೆಯಾಗಿ ಅವಸರ. "ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಾವು ಪೋಲೀಸರು, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ" ಎಂದು ಸಮವಸ್ತ್ರ ತೊಟ್ಟವನು ಮೊಬೈಲಿನಲ್ಲಿ ಗದರಿಸುತ್ತಾನೆ. ಅಂಥ ಬಂಧನವೆಂಬುದು ಈ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ರೇಡಿಯೋದಲ್ಲಿ ಇದನ್ನು ಸಾರಿ ಹೇಳಬೇಕಾಯಿತು. "ಪಿಂಚಣಿ ನಿಂತುಹೋಗುತ್ತದೆ, ಜೀವಂತ ಪ್ರಮಾಣಪತ್ರಕ್ಕೆ ಈ ಲಿಂಕು ಒತ್ತಿ" ಎಂದು ನಿವೃತ್ತರನ್ನು ಬೆದರಿಸುವುದು ಇನ್ನೊಂದು ಬಗೆ. ಷೇರಿನಲ್ಲಿ ದುಪ್ಪಟ್ಟು ಲಾಭ, ಮನೆಯಲ್ಲೇ ಕೂತು ಗಳಿಕೆ ಎಂದು ಕೆಲಸವಿಲ್ಲದ ತರುಣರಿಗೆ ಬಲೆ ಬೀಸುವುದು ಮತ್ತೊಂದು.

ಗಣಿಯಲ್ಲಿ ಸಿಡಿಮದ್ದು ಹಾರಿಸಿದ ಮೇಲೆ ಹೊಗೆ ಹೋಗುವ ತನಕ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಎಷ್ಟೇ ಅವಸರವಿದ್ದರೂ ಆ ಶಿಸ್ತನ್ನು ಮೀರುವಂತಿರಲಿಲ್ಲ. ಮೊಬೈಲಿಗೂ ಅದೇ ಶಿಸ್ತು ಬೇಕು. ಹಣದ ಮಾತು ಬಂದ ಕೂಡಲೆ ಕರೆಯನ್ನು ಕತ್ತರಿಸಿ, ಹತ್ತು ನಿಮಿಷ ತಡೆದು, ಮನೆಯವರಲ್ಲೋ ಸಂಘದ ಗೆಳೆಯರಲ್ಲೋ ಒಂದು ಮಾತು ಕೇಳಿದರೆ ಕಳ್ಳನ ಮುಕ್ಕಾಲು ಆಟ ಮುಗಿಯಿತು.

ನಾಲ್ಕಾರು ನಿಯಮಗಳನ್ನು ಇಲ್ಲಿ ಹೇಳುತ್ತೇವೆ. ಓದಲು ಬಾರದವರಿಗೆ ಓದಿ ಹೇಳಬೇಕೆಂದು ಪ್ರಾರ್ಥನೆ.

ಹಣ ಪಡೆಯಲು ಪಿನ್ ಬೇಕಿಲ್ಲ, ಕ್ಯೂಆರ್ ಚೌಕವನ್ನು ನಾವು ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಒತ್ತಿದರೆ ಹಣ ನಮ್ಮಿಂದ ಹೋಗುತ್ತದೆಯೇ ಹೊರತು ಬರುವುದಿಲ್ಲ. ಓಟಿಪಿ ಎಂಬ ಒಂದು ಸಾರಿಯ ಅಂಕಿಯನ್ನು ಫೋನಿನಲ್ಲಿ ಕೇಳುವವನು ಬ್ಯಾಂಕಿನವನಲ್ಲ. ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆ ಎಂದೋ, ವಾಹನದ ದಂಡದ ಚೀಟಿ ಎಂದೋ ಬರುವ ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಕಾಗದವಲ್ಲ, ಫೋನಿನೊಳಕ್ಕೆ ಇಳಿಯುವ ಒಂದು ಆ್ಯಪು; ಕರೆಯೋಲೆಯ ವೇಷದಲ್ಲಿ ಬಂದ ಆ್ಯಪು ಓಟಿಪಿಯನ್ನೂ ಓದಿ ಕಳ್ಳನಿಗೆ ರವಾನಿಸಬಲ್ಲುದು. ಅದನ್ನು ಮುಟ್ಟದೆ ಅಳಿಸಿಬಿಡಬೇಕು. ಬ್ಯಾಂಕಿನ ಸಹಾಯ ಸಂಖ್ಯೆಯನ್ನು ಗೂಗಲಿನಲ್ಲಿ ಹುಡುಕಬಾರದು, ಪಾಸ್‌ಬುಕ್ಕಿನ ಅಥವಾ ಕಾರ್ಡಿನ ಮೇಲೆ ಅಚ್ಚಾದದ್ದನ್ನೇ ನೋಡಬೇಕು. ಬ್ಯಾಂಕುಗಳ ಜಾಲತಾಣದ ವಿಳಾಸ "ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗುವಂತೆ 2025ರ ಅಕ್ಟೋಬರ್ 31ರೊಳಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿತು; ಆ ಗುರುತನ್ನೂ ಗಮನಿಸಬೇಕು.

ರೈಲಿನ ನೂಕುನುಗ್ಗಲಿನಲ್ಲಿ ಫೋನು ಕಳೆದರೆ ಹೋದದ್ದು ಫೋನು ಮಾತ್ರವಲ್ಲ. ಕಳ್ಳನು ಅದರ ಸಿಮ್ಮನ್ನು ತೆಗೆದು ಬೇರೆ ಫೋನಿಗೆ ಹಾಕಿದರೆ ನಮ್ಮ ಓಟಿಪಿಗಳೆಲ್ಲ ಅವನಿಗೆ ಬರುತ್ತವೆ. ಫೋನಿಗೆ ಬೀಗದ ಅಂಕಿ ಇಡುವಂತೆ ಸಿಮ್ಮಿಗೂ ಒಂದು ಪಿನ್ ಇಡಬಹುದು. ಕಳೆದ ಕೂಡಲೆ ಸಿಮ್ಮನ್ನು ನಿಲ್ಲಿಸಿ, ಬ್ಯಾಂಕಿಗೆ ತಿಳಿಸಿ, ಪೋಲೀಸು ದೂರು ಕೊಟ್ಟು, ಕೇಂದ್ರದ ಸಂಚಾರ ಸಾಥಿ ಜಾಲತಾಣದ ಮೂಲಕ ಆ ಫೋನು ಎಲ್ಲಿಯೂ ನಡೆಯದಂತೆ ಮಾಡಿಸಬೇಕು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂಬುದನ್ನೂ ಅಲ್ಲಿಯೇ ನೋಡಬಹುದು.

ಸಣ್ಣ ವ್ಯಾಪಾರಿಗಳಿಗೆ ಎರಡು ಮಾತು. ಗಿರಾಕಿ ತೋರಿಸುವ "ಹಣ ಹೋಯಿತು" ಎಂಬ ಚಿತ್ರವನ್ನು ನಂಬಬೇಡಿ. ಅಂಥ ಚಿತ್ರವನ್ನು ಸೃಷ್ಟಿಸುವ ನಕಲಿ ಆ್ಯಪುಗಳೇ ಇವೆ. ನಿಮ್ಮ ಫೋನೋ, ಹಣ ಬಂತೆಂದು ಕೂಗುವ ನಿಮ್ಮ ಪೆಟ್ಟಿಗೆಯೋ ಹೇಳಿದರೆ ಮಾತ್ರ ಸಾಮಾನು ಕೊಡಿ. ನಿಮ್ಮ ಕ್ಯೂಆರ್ ಹಲಗೆಯ ಮೇಲೆ ರಾತ್ರಿ ಬೇರೊಬ್ಬನ ಚೀಟಿ ಅಂಟಿಸಿಹೋಗಿರಬಹುದು. ಬೆಳಿಗ್ಗೆ ಅಂಗಡಿ ತೆರೆದಾಗ ಒಂದು ರೂಪಾಯಿ ಹಾಕಿ ಅದು ನಿಮ್ಮ ಹೆಸರನ್ನೇ ತೋರಿಸುತ್ತದೆಯೇ ಎಂದು ನೋಡಿ. ಬಿಲ್ಲು ಬರೆಯುವ ಕಂಪ್ಯೂಟರು ವಿಂಡೋಸ್ 10 ಆಗಿದ್ದರೆ, ಅದರ ಕಂಪೆನಿ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತೆಂಬುದನ್ನು ತಿಳಿದಿರಿ. ಲೆಕ್ಕಪತ್ರದ ಒಂದು ಪ್ರತಿಯನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಇಳಿಸಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ, ಗಲ್ಲಾಪೆಟ್ಟಿಗೆಯಲ್ಲಿಡಿ.

ಬೆರಳಚ್ಚಿನ ಮಾತು ಬಂದಿತಷ್ಟೆ. ಕಂಪೆನಿಗೆ ಬೆರಳು ಕೊಡೆವೆಂದು ಎದ್ದುನಿಂತ ಕಾರ್ಮಿಕರ ಮೊಮ್ಮಕ್ಕಳು ಇಂದು ಪಡಿತರಕ್ಕೆ, ಸಿಮ್ಮಿಗೆ, ಬ್ಯಾಂಕಿಗೆ, ಆಸ್ತಿ ನೋಂದಣಿಗೆ ಬೆರಳು ಒತ್ತುತ್ತಿದ್ದಾರೆ. ಒತ್ತದೆ ವಿಧಿಯಿಲ್ಲ. ಆದರೆ ಆ ಬೆರಳಚ್ಚನ್ನು ಕಾಯುವ ಹೊಣೆ ಯಾರದು? 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ಮಂಗಳೂರು ಮೊದಲಾದ ಕಡೆ, ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ಹೋದ ಪ್ರಕರಣಗಳು ವರದಿಯಾದವು. ಇಲ್ಲಿ ಓಟಿಪಿಯೂ ಬೇಕಾಗಲಿಲ್ಲ, ಜನರು ಯಾರಿಗೂ ಏನನ್ನೂ ಹೇಳಿರಲಿಲ್ಲ. ಪಾಸ್‌ವರ್ಡು ಕಳೆದರೆ ಬದಲಿಸಬಹುದು, ಬೆರಳನ್ನು ಬದಲಿಸಲಾದೀತೆ? ಆಧಾರ್ ಪ್ರಾಧಿಕಾರದ ಎಂ-ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಿ, ಬೇಕಾದಾಗ ತೆಗೆಯುವ ಸೌಕರ್ಯವಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ತಿಳಿಯದವರು 1947ಕ್ಕೆ ಕರೆಮಾಡಿ ಕೇಳಬಹುದು.

ಇನ್ನೊಂದು ಅಪಾಯವನ್ನು ನಾವು ನಮ್ಮ ತರುಣರಿಗೆ ಹೇಳಲೇಬೇಕು. "ನಿನ್ನ ಹೆಸರಿನಲ್ಲಿ ಖಾತೆ ತೆರೆದು ಕಾರ್ಡು ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದು ಬರುವವರಿದ್ದಾರೆ. ಕದ್ದ ಹಣ ಹರಿಯುವ ಕಾಲುವೆಗಳು ಇವೇ ಬಾಡಿಗೆ ಖಾತೆಗಳು. ದೊಡ್ಡ ಕಳ್ಳ ಸಮುದ್ರದಾಚೆ ಕೂತಿರುತ್ತಾನೆ. ಪೋಲೀಸರಿಗೆ ಮೊದಲು ಸಿಕ್ಕುವವನು ಖಾತೆ ಬಾಡಿಗೆಗೆ ಕೊಟ್ಟ ಬಡ ಹುಡುಗ. ಗಣಿ ಮುಚ್ಚಿ ಕೆಲಸವಿಲ್ಲದಾದ ಊರಿನಲ್ಲಿ ಈ ಆಮಿಷಕ್ಕೆ ಬಲ ಹೆಚ್ಚು. ಯಾವ ಕಾರಣಕ್ಕೂ ಖಾತೆಯನ್ನು, ಸಿಮ್ಮನ್ನು, ಕಾರ್ಡನ್ನು ಪರರ ಕೈಗೆ ಕೊಡಬೇಡಿ.

ಏನೂ ಅರಿಯದ ವ್ಯಾಪಾರಿಯೂ ಈ ಕಾಲುವೆಯಲ್ಲಿ ಸಿಕ್ಕಿಬೀಳುತ್ತಾನೆ. ಯಾರೋ ಕದ್ದ ಹಣದಿಂದ ಅವನ ಅಂಗಡಿಯಲ್ಲಿ ಇನ್ನೂರು ರೂಪಾಯಿ ಸಾಮಾನು ಕೊಂಡರೆ ಅವನ ಇಡೀ ಖಾತೆ ಸ್ತಂಭಿಸಿಹೋಗಬಹುದು. ಕೇರಳದಲ್ಲಿ ಹೀಗಾದಾಗ ಅಲ್ಲಿಯ ಹೈಕೋರ್ಟು 2023ರಲ್ಲಿ, ಪೋಲೀಸರು ಹೇಳಿದ ಮೊತ್ತವನ್ನು ಮಾತ್ರ ತಡೆಹಿಡಿಯಬೇಕು, ಇಡೀ ಖಾತೆಯನ್ನಲ್ಲ ಎಂದಿತು. ನಮ್ಮ ವರ್ತಕ ಸಂಘಗಳು ಇದನ್ನು ತಿಳಿದಿರಬೇಕು.

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೆ ಸರ್ಕಾರಕ್ಕೂ ಬ್ಯಾಂಕುಗಳಿಗೂ ಒಂದು ಮಾತು ಕೇಳದೆ ಬಿಡಲಾರೆವು. 2001ರಲ್ಲಿ ನಮ್ಮ ಚಿನ್ನದ ಗಣಿಗಳು ಮುಚ್ಚಿದವು; ಅದೇ ವರ್ಷ ಬೆಂಗಳೂರಿನಲ್ಲಿ ದೇಶದ ಮೊಟ್ಟಮೊದಲ ಸೈಬರ್ ಅಪರಾಧ ಠಾಣೆ ಆರಂಭವಾಯಿತು. ಈ ಪಿಡುಗು ಹೊಸದೆಂದು ಯಾರೂ ಹೇಳುವಂತಿಲ್ಲ. ನಗದು ಬಿಟ್ಟು ಮೊಬೈಲಿಗೆ ಬನ್ನಿ ಎಂದು ಜನರನ್ನು ಕರೆದವರು ಯಾರು? ಶಾಖೆಗಳಲ್ಲಿ ಸಿಬ್ಬಂದಿ ಕಡಿಮೆ ಮಾಡಿ ಉಳಿತಾಯ ಮಾಡಿಕೊಂಡವರು ಯಾರು? ಲಾಭ ಅವರಿಗೆ, "ಎಚ್ಚರವಾಗಿರಿ" ಎಂಬ ಉಪದೇಶ ನಮಗೆ, ಇದು ನ್ಯಾಯವಲ್ಲ.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಪ್ರತಿಯೊಬ್ಬ ಖಾತೆದಾರನೂ ತಿಳಿದಿರಬೇಕು. ಅದರ ಪ್ರಕಾರ, ಬ್ಯಾಂಕಿನದೇ ಲೋಪವಿದ್ದರೆ ಗ್ರಾಹಕನು ಏನನ್ನೂ ತೆರಬೇಕಾಗಿಲ್ಲ. ಇಬ್ಬರದೂ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಅವನ ಮೇಲೆ ಹೊಣೆಯಿಲ್ಲ. ಗುಟ್ಟಿನ ಅಂಕಿಯನ್ನು ಅವನೇ ಕೊಟ್ಟಿದ್ದರೆ ತಿಳಿಸುವ ತನಕದ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು. ಮುಖ್ಯವಾದ ಮಾತೆಂದರೆ, ಹೊಣೆ ಗ್ರಾಹಕನದೆಂದು ರುಜುವಾತುಪಡಿಸುವ ಭಾರ ಬ್ಯಾಂಕಿನ ಮೇಲಿದೆ. ಆದ್ದರಿಂದ "ನಿಮ್ಮದೇ ತಪ್ಪು" ಎಂದು ಗುಮಾಸ್ತರು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರೆ ಮರಳಿ ಬರಬೇಡಿ. ಬರೆದುಕೊಡಿ ಎಂದು ಕೇಳಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡುವ ಹಕ್ಕಿದೆ. ಅದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ.

ನಮ್ಮ ಬೇಡಿಕೆಗಳು ಸರಳವಾಗಿವೆ. ಬ್ಯಾಂಕಿನ ಎಚ್ಚರಿಕೆಗಳು ಇಂಗ್ಲಿಷಿನಲ್ಲಿ ಬಂದರೆ ಈ ಊರಿನ ಲೈನು ಮನೆಗಳ ಮುದುಕರಿಗೆ ಏನು ಪ್ರಯೋಜನ? ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ಅವು ಬರಬೇಕು. ಪ್ರತಿ ಶಾಖೆಯಲ್ಲಿಯೂ ವಂಚನೆಯ ದೂರು ತೆಗೆದುಕೊಂಡು ರಸೀತಿ ಕೊಡುವ ಒಬ್ಬ ಹೊಣೆಗಾರ ನೌಕರನಿರಬೇಕು. ಜನರ ಬೆರಳಚ್ಚು ಪಡೆದ ಪ್ರತಿ ಕಚೇರಿಯೂ ಅದು ಸೋರಿದರೆ ನಷ್ಟ ಕಟ್ಟಿಕೊಡಬೇಕು.

ನಮ್ಮ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಲೋಕಪ್ರಸಿದ್ಧ ಐಫೋನುಗಳು ಕಾರ್ಮಿಕರ ಕೈಯಲ್ಲಿ ಜೋಡಣೆಯಾಗುತ್ತವೆ. ಯಂತ್ರವನ್ನು ಕಟ್ಟಬಲ್ಲ ವರ್ಗ ಅದನ್ನು ಬಳಸುವಲ್ಲಿ ಹೆದರಿ ಕೂರಬೇಕಾಗಿಲ್ಲ. ಬೇಕಾದದ್ದು ಸಂಘಟನೆ. ಪ್ರತಿ ಗಿರಣಿಯ ಸಂಘದಲ್ಲಿಯೂ, ಪ್ರತಿ ವರ್ತಕ ಸಂಘದಲ್ಲಿಯೂ ಇಬ್ಬರು ತಿಳಿದ ತರುಣರು ವಾರಕ್ಕೊಂದು ಸಂಜೆ ಕೂತು, ಬಂದವರ ಫೋನಿಗೆ ಬೀಗ ಹಾಕಿಕೊಡಲಿ, ಮೋಸಹೋದವರಿಗೆ ಅರ್ಜಿ ಬರೆದುಕೊಡಲಿ, ಅವರೊಂದಿಗೆ ಬ್ಯಾಂಕಿಗೂ ಠಾಣೆಗೂ ಹೋಗಲಿ. ಈ ಕೆಲಸಕ್ಕೆ ಮುಂದೆ ಬರುವವರು ತಮ್ಮ ಹೆಸರನ್ನು ಈ ವಾರವೇ ತಮ್ಮ ಸಂಘದ ಕಾರ್ಯದರ್ಶಿಗಳಿಗೆ ಕೊಡಬೇಕೆಂದು ಕೋರುತ್ತೇವೆ.