ಗುಳಿಗೆ ಕೊಟ್ಟವರು ಯಾರು?

ಸಂಘದ ಅಕ್ಕತಂಗಿಯರೇ,

‘ಹೊಟ್ಟೆನೋವು ತಾಳಲಾರದೆ ವಿಷ ಸೇವಿಸಿದಳು.’ ಪತ್ರಿಕೆಯ ಮೂಲೆಯಲ್ಲಿ ಈ ವಾಕ್ಯ ಓದಿ ಓದಿ ನಮಗೆ ರೂಢಿಯಾಗಿದೆ. ಕಾಲೇಜಿನಲ್ಲಿ ಕನ್ನಡ ಕಲಿಸಿದ ನನಗೆ ಮೊದಲು ಕಣ್ಣಿಗೆ ಬೀಳುವುದು ಅದರ ಕರ್ತೃಪದ. ಸತ್ತವಳೂ ಅವಳೇ, ಕೊಂದವಳೂ ಅವಳೇ! 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ‘ಸ್ಟೋವ್ ಸಿಡಿದು ಸತ್ತಳು’ ಎಂಬ ವಾಕ್ಯವನ್ನು ಹೀಗೆಯೇ ಪ್ರಶ್ನಿಸಿದ್ದರು. ಈಗ ಸ್ಟೋವ್ ಹೆಚ್ಚಿನ ಮನೆಗಳಿಂದ ಮರೆಯಾಗಿದೆ. ಗುಳಿಗೆ ಮಾತ್ರ ಪ್ರತಿ ಮನೆಯ ಗೂಡಿನಲ್ಲಿದೆ.

ಬಂಟ್ವಾಳ ತಾಲ್ಲೂಕಿನ ಶಾಲಾ ಮಾಸ್ತರ ಮೋಹನ್ ಕುಮಾರ್ 2009ರಲ್ಲಿ ಸಿಕ್ಕಿಬಿದ್ದ. ವರದಕ್ಷಿಣೆ ಕೊಡಲಾಗದ ಮನೆಯ ಹುಡುಗಿಯರಿಗೆ ವರದಕ್ಷಿಣೆಯಿಲ್ಲದ ಮದುವೆಯ ಆಸೆ ತೋರಿಸುವುದು, ದೂರದ ಊರಿಗೆ ಕರೆದೊಯ್ಯುವುದು, ಮರುದಿನ ಒಡವೆ ಬಿಚ್ಚಿಡಿಸಿ, ಗರ್ಭ ನಿಲ್ಲದಂತೆ ಗುಳಿಗೆ ಎಂದು ಸೈನೈಡ್ ಕೊಡುವುದು ಅವನ ಕ್ರಮ. ಬಸ್ ನಿಲ್ದಾಣದ ಶೌಚಾಲಯದಲ್ಲಿ, ಒಳಗಿನಿಂದ ಅಗಳಿ ಹಾಕಿದ ಬಾಗಿಲ ಹಿಂದೆ ಹೆಣ ಸಿಗುತ್ತಿತ್ತು. ಅಗಳಿ ಒಳಗಿತ್ತಲ್ಲ, ಮತ್ತಾರೂ ಕೇಳಲಿಲ್ಲ. ಇಪ್ಪತ್ತು ಹೆಣ್ಣುಮಕ್ಕಳ ಪ್ರಕರಣಗಳು ಮಂಗಳೂರಿನ ನ್ಯಾಯಾಲಯದಲ್ಲಿ ನಡೆದವು. ಮೊದಲ ತೀರ್ಪು 2013ರಲ್ಲಿ, ಕೊನೆಯದು 2020ರಲ್ಲಿ ಬಂತು. ಒಂದೊಂದು ಸಾವನ್ನೂ ಬಿಡಿಬಿಡಿಯಾಗಿ ಬರೆದು ಮುಚ್ಚಿದ್ದರಿಂದಲೇ ಲೆಕ್ಕ ಅಷ್ಟು ಬೆಳೆಯಿತು ಎಂಬುದು ನನ್ನ ಅಭಿಪ್ರಾಯ.

ಮಾನ್ವಿ, ದೇವದುರ್ಗದ ಕಾಲುವೆ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಮನೆಯಲ್ಲೇ ಇರುತ್ತದೆ. ಅದನ್ನು ವಾಸನೆಯೇ ಹೇಳಿಬಿಡುತ್ತದೆ. ಗುಳಿಗೆಗೆ ವಾಸನೆಯಿಲ್ಲ. ಹೊಡೆತ ತಿಂದು ಬಿದ್ದವಳಿಗೆ ‘ನೋವಿನ ಗುಳಿಗೆ’ ಎಂದು ಕೊಟ್ಟರೆ ಅವಳು ನುಂಗುತ್ತಾಳೆ. ಅದು ನಿದ್ದೆಯದಾದರೆ ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ನಡೆದದ್ದು ನೆನಪಿರುವುದಿಲ್ಲ. ಓಣಿಯವರು ಗಾಳಿ ಸೋಕಿದೆ ಎನ್ನುತ್ತಾರೆ. ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ ಸೊಸೆಯ ಹೊಟ್ಟೆ ಸೇರಿದರೆ ಮೈ ಬೆವರಿ, ಕೈ ನಡುಗಿ, ಎಚ್ಚರ ತಪ್ಪಬಹುದು. ಬೆರಳ ತುದಿಯ ರಕ್ತ ನೋಡಿದರೆ ಆಸ್ಪತ್ರೆಯವರಿಗೆ ತಿಳಿಯುತ್ತದೆ, ಗ್ಲೂಕೋಸ್ ಏರಿಸುತ್ತಾರೆ. ಎಚ್ಚರವಾದಳೆಂದು ಒಡನೆ ಮನೆಗೆ ಕರೆತರಬೇಡಿ, ಸಕ್ಕರೆ ಮತ್ತೆ ಇಳಿಯಬಹುದು.

ಎಲ್ಲಕ್ಕಿಂತ ಮೋಸದ್ದು ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್. ಅತಿಯಾಗಿ ಹೊಟ್ಟೆ ಸೇರಿದರೂ ಮೊದಲ ದಿನ ಬರೀ ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಎರಡು ಮೂರು ದಿನದ ಮೇಲೆ ಯಕೃತ್ತು ಕೆಟ್ಟು ಕಣ್ಣು ಹಳದಿಯಾದಾಗ ಕಾಮಾಲೆಯೆಂದು ನಾಟಿ ಔಷಧಿಗೆ ಓಡುತ್ತೇವೆ. ಇದಕ್ಕೆ ಅಸಿಟೈಲ್ ಸಿಸ್ಟೀನ್ ಎಂಬ ಮದ್ದಿದೆ. ಎಂಟು ಗಂಟೆಯೊಳಗೆ ಸಿಕ್ಕರೆ ಬಹುಮಟ್ಟಿಗೆ ಜೀವ ಉಳಿಯುತ್ತದೆ. ಲಕ್ಷಣ ಕಾಣಲಿ ಎಂದು ಕಾಯುವಂತಿಲ್ಲ.

ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಸಿರಿನ ದಾರಿಗೆ ಇಳಿದರೆ ಅದೇ ಕೊಲ್ಲುತ್ತದೆ. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಗುಳಿಗೆಯ ಖಾಲಿ ಹಾಳೆ, ಲೋಟ, ವಾಂತಿ ಬಿದ್ದ ಸೀರೆ ಎಲ್ಲವನ್ನೂ ತೊಳೆಯದೆ ಜೊತೆಗೆ ಒಯ್ಯಿರಿ. ಅನುಮಾನವಿದ್ದರೆ ವೈದ್ಯರೆದುರು ‘ಗುಳಿಗೆ ತಗೊಂಡಾಳ’ ಎನ್ನಬೇಡಿ, ‘ಕೊಟ್ಟಾರ ಅಂತ ಅನುಮಾನ ಐತಿ’ ಎನ್ನಿ. ಚೀಟಿಯಲ್ಲಿ ಬೀಳುವುದು ಅದೇ ಮಾತು. ಎಂಎಲ್‌ಸಿ ಬರೆಸಿ. ರಕ್ತ, ಮೂತ್ರ ಬೇಗ ತೆಗೆಸಿ. ಮತ್ತಿನ ಮದ್ದು ರಕ್ತದಲ್ಲಿ ಒಂದು ದಿನಕ್ಕೇ ಮಾಯವಾಗಬಹುದು, ಮೂತ್ರದಲ್ಲಿ ಕೆಲವು ಮದ್ದು ಮಾತ್ರ ಮೂರು ನಾಲ್ಕು ದಿನ ಉಳಿಯುತ್ತದೆ. ಗಂಡನೋ ಅತ್ತೆಯೋ ಹಾಸಿಗೆ ಪಕ್ಕ ನಿಂತಿದ್ದರೆ ಅವಳು ಬಾಯಿ ಬಿಡಳು, ಅವರನ್ನು ಹೊರಗೆ ಕಳಿಸಲು ಕೇಳಿ. ಮತ್ತು ಬರಿಸಿ ಅತ್ಯಾಚಾರ ಮಾಡಿದ್ದರೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ದುಡ್ಡು ಕೇಳುವಂತಿಲ್ಲ. ರಾಯಚೂರಿನ ರಿಮ್ಸ್‌ಗೆ ಕಳಿಸಿದರೆ ತಾಲ್ಲೂಕು ಆಸ್ಪತ್ರೆಯ ಮೊದಲ ಚೀಟಿ ನಿಮ್ಮ ಕೈಯಲ್ಲೇ ಇರಲಿ.

ಅಪರಾಧ ಮಾಡುವ ಉದ್ದೇಶದಿಂದ ವಿಷ ಅಥವಾ ಮತ್ತಿನ ಮದ್ದು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 123ನೆಯ ಕಲಮಿನಡಿ ಹತ್ತು ವರ್ಷದ ತನಕ ಸಜೆ ಇದೆ. ಮದುವೆಯಾಗಿ ಏಳು ವರ್ಷದೊಳಗೆ ಸಾವಾದರೆ, ತವರಿನವರು ಕೇಳಿದಾಗ ಶವಪರೀಕ್ಷೆಗೆ ಕಳಿಸಲೇಬೇಕು. ‘ಹೆಣ ಕೊಯ್ಯುವುದು ಬೇಡ’ ಎಂಬ ಹಿರಿಯರ ಮಾತಿಗೆ ಅಲ್ಲಿ ಮಣಿಯಬಾರದು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಯುವ ವೈದ್ಯೆಯೊಬ್ಬರು ತೀರಿಕೊಂಡಾಗ ಕಾಯಿಲೆಯಿಂದ ಎಂದೇ ಎಲ್ಲರೂ ನಂಬಿದ್ದರು. ತಾನೂ ವೈದ್ಯೆಯಾದ ಅಕ್ಕ ಪಟ್ಟು ಹಿಡಿದು ಶವಪರೀಕ್ಷೆ ಮಾಡಿಸಿದರು. ದೇಹದಲ್ಲಿ ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ಸಿಕ್ಕಿತೆಂದು ಪ್ರಯೋಗಾಲಯದ ವರದಿ ಹೇಳಿತು, ಅಕ್ಟೋಬರ್‌ನಲ್ಲಿ ಶಸ್ತ್ರವೈದ್ಯನಾದ ಗಂಡನ ಬಂಧನವಾಯಿತು. ಆರೋಪ ನ್ಯಾಯಾಲಯದಲ್ಲಿ ಸಾಬೀತಾಗಬೇಕು. ಆದರೆ ಆ ಒಂದು ವರದಿಗೆ ಸುಮಾರು ಆರು ತಿಂಗಳು ಹಿಡಿಯಿತು ಎಂಬುದನ್ನು ಗಮನಿಸಿ. ಮಾದರಿಗಳು ಪ್ರಯೋಗಾಲಯಕ್ಕೆ ಹೋದ ತಾರೀಖನ್ನು ಠಾಣೆಯಲ್ಲಿ ಕೇಳಿ ಸಂಘದ ಪುಸ್ತಕದಲ್ಲೇ ಬರೆದಿಡಿ. ತಿಂಗಳಿಗೊಮ್ಮೆ ಇಬ್ಬರು ಹೋಗಿ ವಿಚಾರಿಸಿ.